ಪೈಪೋಟಿ ಯಾರ ಜೊತಿ?

(ಭಾಲ್ಕಿಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೊಲೆಗೇರಿಯವ. ಬಿ.ಎ. ಪಾಸಾದ ದಿನ ಕೇರಿಯ ಹಿರಿಯರೊಬ್ಬರು ಬೆನ್ನು ತಟ್ಟಿ, "ಮಾದಿಗರ ಹುಡುಗರಿಗಿಂತ ಮುಂದ ಹೋದಿ ನೋಡು" ಅಂದರು. ನಾನು ಹಿಗ್ಗಿದೆ. ಆ ಹಿಗ್ಗಿಗೆ ಇವತ್ತು ನಾಚಿಕೆ ಬರ್ತದ.

ಮುಂದ ಹೋಗಬೇಕೆಂಬ ಛಲ ತಪ್ಪಲ್ಲ. ಬಾಬಾಸಾಹೇಬರು ಆ ಛಲದಿಂದಲೇ ಕೊಲಂಬಿಯಾ, ಲಂಡನ್‌ಗೆ ಹೋಗಿ ಓದಿದರು. ಆದರೆ ಜಾತಿಯನ್ನು ಅವರು ಶ್ರೇಣೀಕೃತ ಅಸಮಾನತೆ ಎಂದರು. ತುಳಿಯಲು ಕೆಳಗೊಬ್ಬ ಸಿಕ್ಕರೆ ಸಾಕು, ತುಳಿಸಿಕೊಂಡವನೂ ಸುಮ್ಮನಿರ್ತಾನ.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಯನ್ನು ಒಪ್ಪಿತು. 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ನಮ್ಮ ಶೇ. 17ರಲ್ಲಿ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ತೀರ್ಮಾನಿಸಿತು. ಬೀದರ, ಔರಾದ, ಎಲ್ಲಿ ಹೋದರೂ ನಮ್ಮವರು ಕೇಳ್ತಾರ: "ಯಾರು ಗೆದ್ದರು?"

ಇದೇನು ಕುಸ್ತಿ ಏನ್ರಿ? ಮಾದಿಗ ಅಣ್ಣ ದಶಕಗಳ ಕಾಲ ಬೀದಿಗಿಳಿದು ಕೇಳಿದ್ದು ತನ್ನ ಪಾಲಿನ ರೊಟ್ಟಿ. ಆ 5ರೊಳಗೆ ಸೇರಿಸಿದ ಅಲೆಮಾರಿಗಳು ಬ್ಯಾರೆ ಪಾಲು ಕೇಳ್ಯಾರ. ಅವರ ಹಿಂದ ನಾವು ಎಷ್ಟು ಮಂದಿ ನಿಂತೇವಿ?

ಪೈಪೋಟಿ ಮಾಡೋದಿದ್ದರ ಇದರಾಗ ಮಾಡೋಣ: ಹಿಂದ ಉಳಿದವನ ಕೈ ಮೊದಲು ಯಾರು ಹಿಡೀತಾರ?

ಜೈಭೀಮ್.