ಬಗ್ಗಡಕ್ಕೆ ಬೀಜ

ಕೇಳುಗರೇ, ನಮ್ಮ ಸಂತೆಮರಹಳ್ಳಿಯ ಸೀಮೆಯಲ್ಲಿ ಕಿತ್ತ ಅರಿಸಿನವನ್ನು ಬೇಯಿಸಿ ಒಣಗಿಸುವುದು ವಾಡಿಕೆ. ಕೊಪ್ಪರಿಗೆಯಲ್ಲುಳಿದ ಹಳದಿ ಬಗ್ಗಡವನ್ನು ಹಳ್ಳಕ್ಕೆ ಬಿಟ್ಟರೆ ಸುವರ್ಣಾವತಿಯನ್ನೇ ಸೇರೀತು.

ಬಗ್ಗಡದ ಕಣಗಳು ಋಣವಿದ್ಯುದಂಶದಿಂದ ಒಂದನ್ನೊಂದು ದೂಡುತ್ತ ತೇಲುತ್ತವೆ. ನುಗ್ಗೆಬೀಜದ ಪ್ರೋಟೀನು, ಅದೂ ಒಂದು ಸಹಜ ಪಾಲಿಮರೇ, ಧನವಿದ್ಯುದಂಶವುಳ್ಳದ್ದು. ಬೀಜವನ್ನು ಅರೆದು ಕದಡಿದರೆ ಅದು ಕಣಗಳನ್ನು ಗಂಟುಕಟ್ಟಿಸಿ ತಳಕ್ಕಿಳಿಸುತ್ತದೆ. ಹಿಂದಿನವರು ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದುದೂ ನೀರು ತಿಳಿಯಾಗಲೆಂದೇ. ಸಂಸ್ಕೃತದಲ್ಲಿ ಅದು ಕತಕ. ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆನ್ನುತ್ತದೆ ಮನುಸ್ಮೃತಿ. (ಆ ಗ್ರಂಥದಲ್ಲಿ ನಾನೊಪ್ಪುವ ಕೆಲವೇ ಮಾತುಗಳಲ್ಲಿ ಇದೊಂದು!)

ಆದರೆ ಈ ತಿಳಿ ಕಣ್ಣಿಗೆ ಮಾತ್ರ. ನೀರಿನಲ್ಲಿ ಕರಗಿದ ಸಕ್ಕರೆ ಮೊದಲಾದವು ಬೀಜದ ಹಿಡಿತಕ್ಕೆ ಸಿಗವು. ಬೀಜದ ಸಾರವೂ ಅವಕ್ಕೆ ಕೂಡಿಕೊಳ್ಳುತ್ತದೆ. ಅವನ್ನುಂಡ ಸೂಕ್ಷ್ಮಜೀವಿಗಳು ಹೊಳೆಯ ಆಮ್ಲಜನಕವನ್ನು ಹೀರಿದರೆ ಮೀನುಗಳಿಗೆ ಉಸಿರಿಲ್ಲ. ಆದ್ದರಿಂದ ಆ ಜೀವಿಗಳ ಕೆಲಸವನ್ನು ಮೊದಲು ಹೊಂಡದಲ್ಲೇ ಮುಗಿಸಬೇಕು. ಪಟಿಕ ಹಾಕಿದ ಗಸಿಯಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಬೀಜದ ಗಸಿಯಾದರೋ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗಿ ಅರಿಸಿನದ ಹೊಲಕ್ಕೇ ಹೋದೀತು.