ನಾವು ಯಾರೆಂದು ಕೇಳುವವರಿಗೆ

(ಕೋಡಿಹಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಪದವಿ ತರಗತಿಗೆ ಸೇರಿದ ಮೊದಲ ವಾರ ಅಧ್ಯಾಪಕರೊಬ್ಬರು ನನ್ನಿಂದ ಒಂದು ಪುಟ ಓದಿಸಿದರು. ಓದಿ ಮುಗಿಸಿದಾಗ, “ಪರವಾಗಿಲ್ಲ, ನಿಮ್ಮವರಲ್ಲೂ ಇಷ್ಟು ಚೆನ್ನಾಗಿ ಕನ್ನಡ ಓದುವವರಿದ್ದಾರೆ” ಎಂದು ಮೆಚ್ಚಿಕೊಂಡರು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಮದ್ರಸದ ಕಲಿಕೆ ಮುಗಿಸಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಲು ಹೊರಟಾಗ, ಬಂಧುವೊಬ್ಬರು “ಅವರ ಭಾಷೆ ಓದಿ ಏನು ಮಾಡುತ್ತೀ?” ಎಂದು ಕೇಳಿದ್ದರು. ಒಬ್ಬರದು ಹೊಗಳಿಕೆ, ಇನ್ನೊಬ್ಬರದು ತಕರಾರು. ಆದರೆ ಒಂದು ಮಾತಿನಲ್ಲಿ ಇಬ್ಬರಿಗೂ ಸಂಪೂರ್ಣ ಸಹಮತವಿತ್ತು: ಕನ್ನಡ ನನ್ನದಲ್ಲ. ಸಂಘರ್ಷವು ಜನರ ಅಸ್ಮಿತೆಯನ್ನು ಹೇಗೆ ರೂಪಿಸುತ್ತದೆ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ನೀವು ತಿಳಿಸಿದಾಗ ನನಗೆ ಮೊದಲು ನೆನಪಾದದ್ದು ಬೋಸ್ನಿಯಾವೋ ಫೆಲೆಸ್ತೀನೋ ಅಲ್ಲ, ಈ ಇಬ್ಬರು.

ನಾವೀಗ ಕುಳಿತಿರುವ ನೆಲವೇ ಯುದ್ಧದ ದಾರಿಯಲ್ಲಿದ್ದ ನೆಲ. ಮಾಗಡಿಯ ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್‌ನಲ್ಲಿ ವಶಪಡಿಸಿಕೊಂಡಿತು. 1799ರ ಮಾರ್ಚ್‌ನಲ್ಲಿ ಹ್ಯಾರಿಸನ ಸೇನೆ ಇದೇ ಕಾನಕಾನಹಳ್ಳಿಯ ಸೀಮೆಯನ್ನು ಹಾದು ಮಳವಳ್ಳಿಗೆ ಹೋಯಿತು. ಶತ್ರುವಿಗೆ ಕಾಳು, ಮೇವು, ನೆರಳು ಯಾವುದೂ ದಕ್ಕದಿರಲೆಂದು ಟಿಪ್ಪು ಸುಲ್ತಾನನೇ ಕಾನಕಾನಹಳ್ಳಿಯನ್ನು, ಅಂದರೆ ಇಂದಿನ ಕನಕಪುರವನ್ನು, ಎರಡು ಬಾರಿ ಹಾಳುಗೆಡವಿದನೆಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ನಮ್ಮ ಸಭೆಗಳಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಆಡಿದರೆ ಎದುರಾಳಿಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂಬ ಭಯ. ಆದರೆ ಎದುರಾಳಿಗಳೂ ಈ ಮಾತನ್ನು ಆಡುವುದಿಲ್ಲ ಎಂಬುದನ್ನು ಗಮನಿಸಿ. ಅವರಿಗೆ ಬೇಕಾಗಿರುವುದು ಮತಾಂಧ ಟಿಪ್ಪು, ನಮಗೆ ಬೇಕಾಗಿರುವುದು ಹುತಾತ್ಮ ಟಿಪ್ಪು. ಬಣವೆಗೆ ಬೆಂಕಿ ಬಿದ್ದ ಕಾನಕಾನಹಳ್ಳಿಯ ರೈತ ಯಾರಿಗೂ ಬೇಕಾಗಿಲ್ಲ. ಆ ರೈತರಲ್ಲಿ ಹಿಂದೂವೂ ಇದ್ದ, ಮುಸ್ಲಿಮನೂ ಇದ್ದಿರಲೇಬೇಕು.

ಅದೇ ಟಿಪ್ಪು ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಿಸಿದ. ಇವತ್ತಿಗೂ ನಿಮ್ಮ ಮನೆಯ ಒಲೆ ಉರಿಯುವುದು ಅದರಿಂದ. ದೇವನಹಳ್ಳಿಯನ್ನು ಯೂಸುಫಾಬಾದ್ ಎಂದು, ಶಿರಾವನ್ನು ರುಸ್ತುಮಾಬಾದ್ ಎಂದು ಕರೆದವನೂ ಅವನೇ, ಮರಾಠರ ದಂಡು 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ ನೆರವು ಕಳುಹಿಸಿದವನೂ ಅವನೇ. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ವಿದ್ವಾಂಸರಾದ ಆರ್. ನರಸಿಂಹಾಚಾರ್. ಇಷ್ಟೆಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳುವ ಧೈರ್ಯ ನಮಗಿಲ್ಲವಾದ್ದರಿಂದಲೇ ಸರಕಾರ 2015ರಲ್ಲಿ ಜಯಂತಿ ಆರಂಭಿಸಿದಾಗ ಕುಣಿದೆವು, 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಗೊಳಿಸಿದಾಗ ನಮ್ಮ ಪೌರತ್ವವೇ ರದ್ದಾದಂತೆ ಕುಗ್ಗಿದೆವು. ಸರಕಾರಿ ಸುತ್ತೋಲೆಯಿಂದ ಬಂದು ಸುತ್ತೋಲೆಯಿಂದಲೇ ಹೋಗುವ ಅಸ್ಮಿತೆಯನ್ನು ನಂಬಿ ಎಷ್ಟು ದಿನ ಬದುಕುವುದು?

ಹೆಸರುಗಳ ಕತೆಯೂ ಅಷ್ಟೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ಕಟ್ಟಿಸಿದ ಪೇಟೆಗೆ ಇಂಗ್ಲಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟು ಕ್ಲೋಸ್‌ಪೇಟೆ ಎಂದರು. ಅದೇ ಮುಂದೆ ರಾಮನಗರವಾಯಿತು. 2007ರಲ್ಲಿ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನವಾಯಿತು. ಕ್ಲೋಸ್ ಸಾಹೇಬನನ್ನು ಇಂದು ನೆನಪಿಟ್ಟುಕೊಂಡಿರುವವರು ಭೂವಿಜ್ಞಾನಿಗಳು ಮಾತ್ರ. ಇಲ್ಲಿನ ಬಂಡೆಗಳನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಆ ಭೂವಿಜ್ಞಾನವನ್ನೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ, ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಕನ್ನಡ ಕವಿಯಾದರು. ಅವರು 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ಎಂಟು ವರ್ಷಗಳ ಬಳಿಕ, 2025ರಲ್ಲಿ, ಕನ್ನಡದ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಅದೇ ದೀಪ ಬೆಳಗಬೇಕಾದರೆ ವಿರೋಧಿಗಳ ಅರ್ಜಿ ಸುಪ್ರೀಂ ಕೋರ್ಟಿನ ತನಕ ಹೋಗಿ ವಜಾಗೊಳ್ಳಬೇಕಾಯಿತು. ಈ ಎಂಟು ವರ್ಷಗಳಲ್ಲಿ ಬದಲಾದದ್ದು ಅವರ ಕನ್ನಡವಲ್ಲ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನನ್ನ ಪೀಳಿಗೆಯ ಗಾಯ ಅಲ್ಲಿಯೇ ಇದೆ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿತು. ದಿನಕ್ಕೆ ಹತ್ತು ನಿಮಿಷ. ಚುನಾವಣೆ ಹತ್ತಿರವಿತ್ತು ಎಂಬುದನ್ನು ಮರೆಯಬೇಡಿ. ಭಾಷೆಯ ಹೆಸರಿನಲ್ಲಿ ಆರಂಭವಾದ ಪ್ರತಿಭಟನೆ ಗಲಭೆಯಾಗಿ, 20ಕ್ಕೂ ಹೆಚ್ಚು ಮಂದಿ ಸತ್ತರು. ವಾರ್ತೆ ನಿಂತಿತು. ನಾನಾಗ ಅಂಗನವಾಡಿಯ ಮಗು. ಆದರೆ ಬಸ್ಸಿನಲ್ಲಿ ನನ್ನ ತಾಯಿ ನಮ್ಮೊಂದಿಗೆ ಮನೆಮಾತಿನಲ್ಲಿ ಮಾತನಾಡುವುದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಆ ಹತ್ತು ನಿಮಿಷದ ವಾರ್ತೆಯಲ್ಲಿದ್ದ ಶುದ್ಧ ಉರ್ದು ಆಕೆಗೆ ಅರ್ಧವೂ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಏಕೆಂದರೆ ನಮ್ಮ ಮನೆಗಳಲ್ಲಿ ಆಡುವುದು ಲಕ್ನೋದ ಉರ್ದು ಅಲ್ಲ, ದಖ್ಖನಿ. “ಬರ್ತೀನಿ ಅಂತ ಹೇಳಿದ” ಎನ್ನುವುದನ್ನು ನಾವು “ಆತಾವ್ ಬೋಲ್ಕೆ ಬೋಲ್ಯಾ” ಎನ್ನುತ್ತೇವೆ. ಆ ‘ಬೋಲ್ಕೆ’ ಕನ್ನಡದ ‘ಅಂತ’ವೇ, ವೇಷ ಬದಲಿಸಿ ನಿಂತಿದೆ. ಲಕ್ನೋದವರು ಇದನ್ನು ಕೇಳಿ ನಗುತ್ತಾರೆ. ಮದ್ರಸದಲ್ಲಿ ನಾನೂ ನಾಚಿಕೊಂಡಿದ್ದೇನೆ. ಇನ್ನು ಈಚೆ ಬನ್ನಿ. ಕೋಡಿಹಳ್ಳಿಯ ಯಾವ ಒಕ್ಕಲಿಗನ ಜಮೀನಿನ ಕಾಗದವನ್ನಾದರೂ ತೆರೆದು ನೋಡಿ: ಖುಷ್ಕಿ, ತರಿ, ಬಾಗಾಯ್ತು, ಖರಾಬು. ‘ಜಮೀನು’ ಎಂಬ ಪದವೇ ಪಾರ್ಸಿ. ಅರ್ಜಿ, ವಕೀಲ, ತಹಶೀಲ್ದಾರ ಎಲ್ಲವೂ ಆ ಕಡೆಯಿಂದ ಬಂದವು. ಇವುಗಳನ್ನು ಕಿತ್ತು ಹಾಕಿದರೆ ಆತ ತನ್ನ ಹೊಲವನ್ನು ತನ್ನದೆಂದು ಹೇಳಲಾರ. ನನ್ನ ಮಾತೃಭಾಷೆಯೊಳಗೆ ಅವನ ವ್ಯಾಕರಣ, ಅವನ ಹೊಲದೊಳಗೆ ನನ್ನ ಪದಗಳು. ನಮ್ಮ ನಡುವೆ ನಡೆದಿರುವುದು ಯುದ್ಧ ಮಾತ್ರವಲ್ಲ.

ಹಾಗೆಂದು ಉರ್ದುವೆಂದರೆ ಮುಸ್ಲಿಮ್, ಮುಸ್ಲಿಮನೆಂದರೆ ಉರ್ದು ಎಂಬ ಸಮೀಕರಣವನ್ನು ನಾವೂ ಒಪ್ಪಬಾರದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಶೇ. 12.9, ಉರ್ದು ಮಾತೃಭಾಷೆಯೆಂದು ಬರೆಸಿದವರು ಶೇ. 10.8. ಕರಾವಳಿಯ ಬ್ಯಾರಿಗಳಿಗೆ ಅವರದೇ ಭಾಷೆಯಿದೆ, 2007ರಿಂದ ಅದಕ್ಕೊಂದು ಸಾಹಿತ್ಯ ಅಕಾಡೆಮಿಯೂ ಇದೆ. ಭಟ್ಕಳದ ನವಾಯತರದು ನವಾಯತಿ. ಉತ್ತರ ಕರ್ನಾಟಕದ ಎಷ್ಟೋ ನದಾಫ್ ಮನೆಗಳಲ್ಲಿ ಕನ್ನಡವೇ ಮಾತೃಭಾಷೆ. ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ ದೇವನ ದೃಷ್ಟಾಂತಗಳ ಸಾಲಿನಲ್ಲಿರಿಸಿದೆ. ಅದರಲ್ಲಿ ಉರ್ದುವಿಗೆ ವಿಶೇಷ ಪೀಠವೇನೂ ಇಲ್ಲ.

ಈ ಸಮೀಕರಣಕ್ಕೆ ತೆತ್ತ ಬೆಲೆಯನ್ನು ನೋಡಬೇಕಾದರೆ ಢಾಕಾಕ್ಕೆ ಹೋಗಬೇಕು. 1948ರಲ್ಲಿ ಜಿನ್ನಾ ಅಲ್ಲಿಗೆ ಹೋಗಿ ಪಾಕಿಸ್ತಾನದ ರಾಷ್ಟ್ರಭಾಷೆ ಉರ್ದುವೊಂದೇ ಎಂದರು. ಕೇಳುತ್ತಿದ್ದ ಬಹುಸಂಖ್ಯಾತರು ಮುಸ್ಲಿಮರೇ, ಆದರೆ ಬಂಗಾಳಿಗಳು. 1952ರ ಫೆಬ್ರವರಿ 21ರಂದು ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1971ರಲ್ಲಿ ದೇಶವೇ ಒಡೆಯಿತು. ಒಂದೇ ಧರ್ಮ ಅದನ್ನು ಹಿಡಿದಿಡಲಿಲ್ಲ. ಕತೆ ಅಲ್ಲಿಗೆ ಮುಗಿಯಲಿಲ್ಲ. ಉರ್ದು ಮಾತನಾಡುವ ‘ಬಿಹಾರಿ’ ಮುಸ್ಲಿಮರು ಹೊಸ ಬಾಂಗ್ಲಾದೇಶದಲ್ಲಿ ಶತ್ರುಗಳಾಗಿ ಶಿಬಿರಗಳಿಗೆ ಸೇರಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳೂ ತಾವು ಆ ದೇಶದವರೆಂದು ನ್ಯಾಯಾಲಯದಿಂದ ಹೇಳಿಸಿಕೊಳ್ಳಲು 2008ರವರೆಗೆ ಕಾಯಬೇಕಾಯಿತು. ಗುಂಡು ತಿಂದ ಭಾಷೆಯವರು ಇನ್ನೊಂದು ಭಾಷೆಯವರನ್ನು ಬೇಲಿಯೊಳಗೆ ಇರಿಸಿದರು. ಪೀಡಿತನಾದ ಮಾತ್ರಕ್ಕೆ ಯಾವ ಜನಾಂಗವೂ ನ್ಯಾಯವಂತವಾಗುವುದಿಲ್ಲ, ನಮ್ಮನ್ನೂ ಸೇರಿಸಿ.

ನಮ್ಮ ಪಕ್ಕದ ಸಾತನೂರಿಗೆ ಮರಳೋಣ. 2023ರ ಮಾರ್ಚ್ ಕೊನೆಯ ರಾತ್ರಿ ದನ ಸಾಗಿಸುತ್ತಿದ್ದ ವಾಹನವನ್ನು ಅಲ್ಲಿ ತಡೆಯಲಾಯಿತು. ಮರುದಿನ ಮಂಡ್ಯದ ವ್ಯಾಪಾರಿಯೊಬ್ಬರ ಶವ ಸಿಕ್ಕಿತು. ಸಂತೆಯಲ್ಲಿ ಖರೀದಿಸಿದ ಕಾಗದ ತೋರಿಸಿದರೂ ಪಾಕಿಸ್ತಾನಕ್ಕೆ ಹೋಗೆಂದರು ಎಂಬುದು ಪೊಲೀಸರಿಗೆ ಕೊಟ್ಟ ದೂರಿನಲ್ಲಿದೆ. ಮಂಡ್ಯದಿಂದ ಸಾತನೂರಿಗೆ ಬಂದವನಿಗೆ ಈ ಮಾತು! ನಾವೆಷ್ಟು ಕನ್ನಡ ಕಲಿತರೂ ಇಂಥ ಕೈಗಳು ತಡೆಯುತ್ತವೆಂಬ ಭ್ರಮೆ ನನಗಿಲ್ಲ. ಕನ್ನಡವನ್ನು ತಾಯಿತದಂತೆ ಕಟ್ಟಿಕೊಳ್ಳಿ ಎನ್ನಲು ನಾನು ಬಂದಿಲ್ಲ. ಆ ವಾರ ನಮ್ಮ ದುಃಖವನ್ನು ನೆರೆಯವರಿಗೆ ಅವರ ಭಾಷೆಯಲ್ಲಿ, ಕ್ಷಮಿಸಿ, ನಮ್ಮ ಭಾಷೆಯಲ್ಲಿ ಹೇಳಬಲ್ಲವರು ನಮ್ಮ ನಡುವೆ ಎಷ್ಟು ಮಂದಿ ಇದ್ದರು ಎಂಬುದಷ್ಟೇ ನನ್ನ ಪ್ರಶ್ನೆ. ನೋಡಿ, ನನ್ನ ನಾಲಗೆಯೂ ತಪ್ಪುತ್ತದೆ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಗೂಡು ತರುವವರು ಹೆಚ್ಚಾಗಿ ಹಿಂದೂ ರೈತರು, ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ನಮ್ಮವರು. ಗೂಡು ಕೈಯಲ್ಲಿ ಅಲ್ಲಾಡಿಸಿ ಅಲ್ಲಿ ಮಾತುಕತೆ ನಡೆಯುವುದು ಕನ್ನಡದಲ್ಲೇ. ಆದರೆ ಆ ರೀಲರನ ಮಗ ಇಂದು ಕನ್ನಡ ಪತ್ರಿಕೆ ಓದುವುದಿಲ್ಲ, ಉರ್ದು ಲಿಪಿಯೂ ಬಾರದು. ಇಂಗ್ಲಿಷ್ ಶಾಲೆಯ ಶುಲ್ಕಕ್ಕೆ ತಾಯಿಯ ಬಳೆ ಹೋಗಿದೆ. ನಮ್ಮ ಎಷ್ಟೋ ಮಸೀದಿಗಳಲ್ಲಿ ಶುಕ್ರವಾರದ ಪ್ರವಚನ ಅವನಿಗೆ ಅರ್ಥವಾಗದ ಉರ್ದುವಿನಲ್ಲಿ ನಡೆಯುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು: ಹತ್ತನೇ ತರಗತಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ತರುವವರು ಅವರೇ, ಮರುವರ್ಷವೇ ಪುಸ್ತಕ ಕಳೆದುಕೊಳ್ಳುವವರೂ ಅವರೇ. ಆಡಳಿತ ಸಮಿತಿಗಳ ಹಿರಿಯರು ಇಲ್ಲಿದ್ದಾರೆ. ತಿಂಗಳಿಗೆ ಒಂದು ಪ್ರವಚನವನ್ನಾದರೂ ಕನ್ನಡದಲ್ಲಿ ಮಾಡಿಸಿ. ಬಾಗಿಲು ತೆರೆದು ಪಕ್ಕದ ಬೀದಿಯವರನ್ನೂ ಕರೆಯಿರಿ. ಖರ್ಚಿನ ಮಾತಲ್ಲ ಇದು.

ಇನ್ನೊಂದು ಸಣ್ಣ ವಿನಂತಿಯಿದೆ. ಬಿಸಿನೀರಿನಿಂದ ಎಳೆ ಎತ್ತುವಾಗ, ಎಳೆ ತುಂಡಾದಾಗ, ಮಗು ಅತ್ತು ಕೆಲಸ ಕೆಟ್ಟಾಗ ನಮ್ಮ ತಾಯಂದಿರು ಆಡುವ ದಖ್ಖನಿ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಈ ಸಭೆ ಮುಗಿದ ಬಳಿಕ ಹೆಂಗಸರ ಕಡೆಯಿಂದ ಹಿರಿಯರು ಯಾರಾದರೂ ಹತ್ತು ನಿಮಿಷ ಕೊಟ್ಟರೆ ನಾನು ಇಲ್ಲೇ ಕುಳಿತಿರುತ್ತೇನೆ. ನೋಟ್‌ಬುಕ್ ತಂದಿದ್ದೇನೆ.