ಮಾಲ್ಡೀವ್ಸ್‌ನ ಆರೋಗ್ಯ ಯೋಜನೆ ನಮಗೆ ಹೇಳುವ ಪಾಠ



ಕಾಯಿಲೆ ಬಿದ್ದರೆ ನಾವು ಬಸ್ಸನ್ನೋ ಆಟೋವನ್ನೋ ಹುಡುಕುತ್ತೇವೆ. ದೋಣಿಯನ್ನೇ ನಂಬಿ ಬದುಕುವವರ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ರಾತ್ರಿಯ ಹೊತ್ತು, ಮಳೆಗಾಲದ ಕಡಲು, ಹೆರಿಗೆ ನೋವು ತಿನ್ನುತ್ತಿರುವ ತಾಯಿ. ಆಕೆಯನ್ನು ಉಳಿಸುವುದು ಹೇಗೆ? ನಮ್ಮ ನೆರೆಯ ಮಾಲ್ಡೀವ್ಸ್ ದೇಶದ ಆರೋಗ್ಯ ಯೋಜನೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಆ ದೇಶದಲ್ಲಿ ಸುಮಾರು 1,200 ಪುಟ್ಟ ದ್ವೀಪಗಳಿವೆ. ಜನರು ವಾಸಿಸುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. 2022ರ ಜನಗಣತಿಯಂತೆ ವಿದೇಶೀಯರೂ ಸೇರಿ ಅಲ್ಲಿನ ಜನಸಂಖ್ಯೆ ಸುಮಾರು 5 ಲಕ್ಷ 15 ಸಾವಿರ. ಎಷ್ಟೋ ದ್ವೀಪಗಳಲ್ಲಿ ಸಾವಿರ ಜನರೂ ಇಲ್ಲ. ದ್ವೀಪಕ್ಕೊಂದು ದೊಡ್ಡ ಆಸ್ಪತ್ರೆ ಕಟ್ಟುವುದು ಅಸಾಧ್ಯ. ಎಲ್ಲವನ್ನೂ ರಾಜಧಾನಿ ಮಾಲೆಯಲ್ಲೇ ಇಟ್ಟರೆ ದೂರದವರಿಗೆ ಅದು ಇದ್ದೂ ಇಲ್ಲದಂತೆ.

ಆದ್ದರಿಂದ ಅವರು ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ ಮಾಡಿದರು. ದ್ವೀಪದಲ್ಲಿ ಆರೋಗ್ಯ ಕೇಂದ್ರ, ದ್ವೀಪಸಮೂಹಕ್ಕೆ ಒಂದು ಆಸ್ಪತ್ರೆ, ಅದರ ಮೇಲೆ ಪ್ರಾದೇಶಿಕ ಆಸ್ಪತ್ರೆ, ಕೊನೆಗೆ ಮಾಲೆ. ಭಾರತದ ನೆರವಿನಿಂದ ಕಟ್ಟಲಾದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಮಾಲೆಯಲ್ಲಿ ಆರಂಭವಾದದ್ದು 1995ರಲ್ಲಿ. ಆದರೆ ಆರೋಗ್ಯ ಸಿಬ್ಬಂದಿಯ ತರಬೇತಿ ಕೇಂದ್ರವನ್ನು ಅವರು 1973ರಲ್ಲೇ ತೆರೆದಿದ್ದರು! ಕುಟುಂಬ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ದ್ವೀಪಗಳಿಗೆ ಹೋದರು. ದೊಡ್ಡ ಕಟ್ಟಡಕ್ಕಿಂತ ಮೊದಲು ಮನುಷ್ಯರು ಸಿದ್ಧರಾದರು ಎಂಬುದನ್ನು ಗಮನಿಸಿ.

ಅದರ ಫಲವನ್ನು ನೋಡಿರಿ. ಅಲ್ಲಿ ಸ್ಥಳೀಯವಾಗಿ ಹರಡಿದ ಮಲೇರಿಯಾದ ಕೊನೆಯ ಪ್ರಕರಣ ಕಂಡದ್ದು 1984ರಲ್ಲಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದೇಶವನ್ನು ಮಲೇರಿಯಾಮುಕ್ತವೆಂದು ಘೋಷಿಸಿತು. 2016ರಲ್ಲಿ ಆನೆಕಾಲು ರೋಗ, 2017ರಲ್ಲಿ ದಡಾರದ ನಿರ್ಮೂಲನೆಗೂ ಮನ್ನಣೆ ದೊರೆಯಿತು. 2004ರ ಡಿಸೆಂಬರ್ 26ರ ಸುನಾಮಿ ಆರೋಗ್ಯ ಕೇಂದ್ರಗಳನ್ನೂ ಬಿಡಲಿಲ್ಲ. ಆದರೂ ಹತ್ತು ಹತ್ತು ವರ್ಷಗಳ ಯೋಜನೆ ನಿಲ್ಲಲಿಲ್ಲ. 1996–2005, 2006–2015, 2016–2025 ಹೀಗೆ ಒಂದರ ಹಿಂದೆ ಒಂದು ಬಂತು.

ಥಲಸ್ಸೇಮಿಯ ಎಂಬ ರಕ್ತದ ಕಾಯಿಲೆಯ ಅಂಶ ಅಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗಿದೆ. ಗಂಡ ಹೆಂಡತಿ ಇಬ್ಬರಲ್ಲೂ ಅದಿದ್ದರೆ ಮಗುವಿಗೆ ತೀವ್ರ ರೋಗ ಬರುವ ಸಂಭವ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು. ಆದ್ದರಿಂದ ಮದುವೆಗೆ ಮೊದಲೇ ರಕ್ತಪರೀಕ್ಷೆ ಮಾಡಿಸುವ ಅರಿವನ್ನು ಅಲ್ಲಿ ಮೂಡಿಸಲಾಗುತ್ತಿದೆ. ಇದು ನಿಕಾಹ್‌ಗೆ ಅಡ್ಡಿಯಲ್ಲ, ಹುಟ್ಟಲಿರುವ ಮಗುವಿನ ಹಕ್ಕು.

ಕೊರತೆಗಳೂ ಇವೆ. 2012ರಲ್ಲಿ ಆರಂಭವಾದ ‘ಆಸಂಧ’ ಆರೋಗ್ಯ ವಿಮೆ ಎಲ್ಲ ನಾಗರಿಕರಿಗೂ ಇದೆ. ಆದರೆ ಅದರ ವೆಚ್ಚ ಬೊಕ್ಕಸಕ್ಕೆ ಭಾರ. ವೈದ್ಯರಲ್ಲಿ ಬಹಳ ಮಂದಿ ಹೊರದೇಶದವರು, ನಮ್ಮ ಭಾರತೀಯರೂ ಅವರಲ್ಲಿದ್ದಾರೆ. ಹೊರಗಿನಿಂದ ಬಂದವರು ಒಪ್ಪಂದ ಮುಗಿದೊಡನೆ ಹೊರಡುತ್ತಾರೆ. ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಬಿ.ಎಸ್. ಆರಂಭವಾದದ್ದು 2019ರಲ್ಲಷ್ಟೇ. ಹಣ ಕೊಟ್ಟರೆ ಯಂತ್ರ ಬರುತ್ತದೆ. ಊರಿನಲ್ಲೇ ಉಳಿದು ಸೇವೆ ಮಾಡುವವರನ್ನು ಊರಿನ ಶಾಲೆಯೇ ಬೆಳೆಸಬೇಕು.

ಬಂಧುಗಳೇ, ನಾನು ಉಪಾಧ್ಯಾಯ. ಆರೋಗ್ಯ ಯೋಜನೆಯ ಮೊದಲ ಪುಟವನ್ನು ಬರೆಯುವುದು ತರಗತಿಯ ಕೋಣೆಯಲ್ಲಿ ಎಂದು ನಂಬಿದವನು. ಎಸ್.ಎಸ್.ಎಲ್.ಸಿ. ಪಾಸಾದ ಮಗಳನ್ನು ‘ಸಾಕು’ ಎಂದು ಮನೆಯಲ್ಲಿ ಕೂರಿಸುವ ಮುನ್ನ ಆ ದೋಣಿಯ ತಾಯಿಯನ್ನು ನೆನೆಯಿರಿ. ನಮ್ಮ ಮಗಳು ನರ್ಸ್ ಆದರೆ ಎಷ್ಟು ತಾಯಂದಿರಿಗೆ ಆಸರೆಯಾಗಬಲ್ಲಳು! ಅವಳ ಮುಂದಿನ ಓದಿನ ಖರ್ಚಿನ ಚಿಂತೆ ಮನೆಯವರದಷ್ಟೇ ಅಲ್ಲ, ಈ ಸಂಘದ್ದೂ ಆಗಲಿ.

ಅಲ್ಲಾಹನು ನಮಗೆ ಇದಕ್ಕೆ ತೌಫೀಕ್ ನೀಡಲಿ, ಆಮೀನ್.